ಸೋಲಲು ಕಳಿಸಿದ ಮೇಷ್ಟ್ರು

ನಮ್ಮ ಪೀಟಿ ಮೇಷ್ಟ್ರ ಎಡಗೈಯ ಕಿರುಬೆರಳು ಉಳಿದ ನಾಲ್ಕರ ಜೊತೆ ಎಂದೂ ಸೇರುತ್ತಿರಲಿಲ್ಲ. ನಡುಗಂಟಿನಲ್ಲಿ ಮುರಿದು, ಹೊರಕ್ಕೆ ತಿರುಗಿ, ಹಾಗೇ ಕೂಡಿಕೊಂಡಿತ್ತು. ಯಾರಿಗಾದರೂ ಕೈಮುಗಿದರೆ ಆ ಒಂದು ಬೆರಳು ನಮಸ್ಕಾರಕ್ಕೆ ಒಪ್ಪದೆ ಬೇರೆ ನಿಂತಂತೆ ಕಾಣುತ್ತಿತ್ತು. ಹ್ಯಾಂಡ್‌ಬಾಲಿನ ಗೋಲಿನಲ್ಲಿ ನಿಂತವರ ಬೆರಳು ಅದು. ಆ ಆಟದಲ್ಲಿ ಗೋಲ್‌ಕೀಪರ್‌ಗೆ ಕೈಗವಸಿಲ್ಲ. ಏಳೆಂಟು ಹೆಜ್ಜೆಯಿಂದ ಬೀಸಿ ಎಸೆದ ಚೆಂಡಿಗೆ ಕೈ, ತೊಡೆ, ಎದೆ, ಯಾವುದು ಒದಗಿತೋ ಅದನ್ನು ಒಡ್ಡಬೇಕು.

ತೊಂಬತ್ತರ ದಶಕದ ಆರಂಭದಲ್ಲಿ ನಾನು ಕ್ಯಾತನಹಳ್ಳಿಯಿಂದ ಬಸ್ಸಿನಲ್ಲಿ ಪಾಂಡವಪುರದ ಹೈಸ್ಕೂಲಿಗೆ ಬರುತ್ತಿದ್ದೆ. ಕಬ್ಬು ಅರೆಯುವ ತಿಂಗಳುಗಳಲ್ಲಿ ನಮ್ಮ ಮೈದಾನದ ಮೇಲೆ ಕಾರ್ಖಾನೆಯ ಮಸಿ ಉದುರುತ್ತಿತ್ತು. ಮೇಷ್ಟ್ರು ಬೆಳಗಾಗುತ್ತಲೇ ಬಂದು, ಆ ಮಸಿಯನ್ನು ಗುಡಿಸಿ, ತಾವೇ ಸುಣ್ಣದಲ್ಲಿ ಗೆರೆ ಎಳೆದಿರುತ್ತಿದ್ದರು. ಗೋಲಿನ ಕಂಬಗಳು ನೀಲಗಿರಿಯವು. ಚೆಂಡಿನ ಹೊಲಿಗೆ ಬಿಟ್ಟರೆ ಮೋಚಿಯ ಸೂಜಿ ಹಿಡಿದು ಅವರೇ ಹೊಲಿಯುತ್ತಿದ್ದರು. ಇಷ್ಟೆಲ್ಲ ಮಾಡುತ್ತಿದ್ದ ಮನುಷ್ಯನ ಬಾಯಿಂದ ಒಂದು ಒಳ್ಳೆಯ ಮಾತು ಬಂದದ್ದು ನನಗೆ ನೆನಪಿಲ್ಲ. ಚೆನ್ನಾಗಿ ತಡೆದರೆ "ಹೂಂ" ಅನ್ನುತ್ತಿದ್ದರು. ತಪ್ಪಿದರೆ, "ಮನೇಲಿ ಎಮ್ಮೆ ಐತೇನವ್ವ? ಹೋಗಿ ಹಾಲು ಕರಿ, ಹೋಗು."

ಗೋಲಿಗೆ ನಿಲ್ಲುವ ನಮ್ಮಿಬ್ಬರಿಗೆ ಅವರದು ಬೇರೆಯೇ ಪಾಠ. ಗೋಡೆಗೆ ಬೆನ್ನು ಕೊಟ್ಟು, ಕೈ ಹಿಂದಕ್ಕೆ ಕಟ್ಟಿ ನಿಲ್ಲಬೇಕು. ಅವರು ಎದುರು ನಿಂತು ನಮ್ಮ ಕಿವಿಯ ಪಕ್ಕಕ್ಕೆ, ತಲೆಯ ಮೇಲಕ್ಕೆ, ಕತ್ತಿನ ಸಂದಿಗೆ ಚೆಂಡು ಎಸೆಯುವರು. ರೆಪ್ಪೆ ಮಿಟುಕಿಸಿದರೆ ಮತ್ತೆ ಮೊದಲಿಂದ. ಒಂದು ದಿನ ಗುರಿ ತಪ್ಪಿತೋ, ಬೇಕೆಂದೇ ಎಸೆದರೋ, ಚೆಂಡು ನನ್ನ ಮೂಗಿಗೆ ಬಡಿಯಿತು. ಲಂಗದ ಮೇಲೆಲ್ಲ ರಕ್ತ. ಅವರು ಹತ್ತಿರ ಬಂದು ನನ್ನ ಗಲ್ಲ ಎತ್ತಿ ನೋಡಿದರು.

"ಚೆಂಡು ಬಂದಿದ್ದು ಕಾಣ್ತಾ?"

"ಕಾಣ್ತು ಸಾ."

"ಮೂಗಿಗೆ ಬಡಿಯೋಗಂಟ?"

"ಬಡಿಯೋಗಂಟ ಸಾ."

"ಹೂಂ," ಎಂದು ಹೋದರು. ಅದಕ್ಕಿಂತ ದೊಡ್ಡ ಹೊಗಳಿಕೆ ಅವರಲ್ಲಿ ಇರಲಿಲ್ಲ. ಹುಚ್ಚಿಯಂತೆ ನಾನು ರಕ್ತ ಒರೆಸಿಕೊಳ್ಳುತ್ತಾ ನಗುತ್ತಿದ್ದೆ.

ಇನ್ನೊಬ್ಬಳು ಗೋಲ್‌ಕೀಪರ್ ಅವರ ಮಗಳು. ನನಗಿಂತ ಗೇಣುದ್ದ ಎತ್ತರ. ಕಾಲು ಕೈ ನನ್ನವಕ್ಕಿಂತ ಚುರುಕು. ನನ್ನ ಬುತ್ತಿಯ ರಾಗಿರೊಟ್ಟಿಯಲ್ಲಿ ಅರ್ಧ ಅವಳಿಗೆ, ಅವಳ ಚಿತ್ರಾನ್ನದಲ್ಲಿ ಅರ್ಧ ನನಗೆ. ಹತ್ತನೆಯ ತರಗತಿ ಮುಗಿದು ಕಾಲೇಜು ಸೇರಿದ ಮೇಲೂ ಇಬ್ಬರೂ ಸಂಜೆ ಅದೇ ಮೈದಾನಕ್ಕೆ ಬರುತ್ತಿದ್ದೆವು. ರಾಜ್ಯ ತಂಡದಲ್ಲಿ ಒಂದು ವರ್ಷ ಅವಳು ಆಡಿದರೆ ಇನ್ನೊಂದು ವರ್ಷ ನಾನು.

ಆಗ ಸುದ್ದಿ ಬಂತು: ಏಷ್ಯಾ ಖಂಡದ ಹೆಂಗಸರ ಪಂದ್ಯಾವಳಿ ಮುಂದಿನ ವರ್ಷ ನಮ್ಮ ದೇಶದಲ್ಲೇ. ದೇಶದ ಕ್ಯಾಂಪಿಗೆ ನಮ್ಮ ರಾಜ್ಯದಿಂದ ಒಬ್ಬಳೇ ಗೋಲ್‌ಕೀಪರ್.

ಆಯ್ಕೆ ಮೈಸೂರಿನಲ್ಲಿ, ಎರಡು ದಿನ. ಎರಡನೆಯ ದಿನ ಮಧ್ಯಾಹ್ನ ಆಯ್ಕೆಗಾರರು ಹಾಳೆ ಹಿಡಿದು ಮೇಷ್ಟ್ರ ಹತ್ತಿರ ಬಂದರು. ನಾವಿಬ್ಬರೂ ಅಲ್ಲೇ ನೀರು ಕುಡಿಯುತ್ತಾ ನಿಂತಿದ್ದೆವು.

"ನಿಮ್ಮ ಮಗಳನ್ನೇ ಬರ್ಕೊಂಡಿದೀನಿ ಮೇಷ್ಟ್ರೇ. ಎತ್ತರಾನೂ ಇದಾಳೆ, ಚೆನ್ನಾಗೂ ತಡೀತಾಳೆ."

"ಬೇಡಿ ಸ್ವಾಮಿ," ಅಂದರು ಮೇಷ್ಟ್ರು. "ನೇರಕ್ಕೆ ಬಂದ ಚೆಂಡಿಗೆ ಕಣ್ಮುಚ್ತಾಳೆ. ಇಲ್ಲಿಯೋರಿಗೆ ಗೊತ್ತಾಗಕ್ಕಿಲ್ಲ. ಹೊರದೇಶದ ಹುಡುಗೀರು ಹತ್ತು ನಿಮಿಷದಲ್ಲಿ ಕಂಡ್ಕೊಬುಡ್ತಾರೆ. ಇವಳ್ನ ತಕ್ಕೊಳಿ," ಎಂದು ನನ್ನ ಕಡೆ ಬೆರಳು ತೋರಿಸಿದರು.

"ಅಪ್ಪ, ನಾನೀಗ ಮುಚ್ಚಕ್ಕಿಲ್ಲ," ಅಂದಳು ಅವಳು. "ಆವಾಗ ಮುಚ್ತಿದ್ದೆ. ಈಗ ಇಲ್ಲ ಅಪ್ಪ."

ಮೇಷ್ಟ್ರು ಕಾಲ ಬಳಿ ಬಿದ್ದಿದ್ದ ಚೆಂಡನ್ನು ಎತ್ತಿಕೊಂಡರು. ನಾಲ್ಕು ಹೆಜ್ಜೆ ದೂರದಿಂದ ಮಗಳ ಮುಖಕ್ಕೆ ಬೀಸಿ ಎಸೆದರು. ಅವಳು ಕಣ್ಣು ಮುಚ್ಚಿದಳು. ಚೆಂಡು ಹಣೆಗೆ ಬಡಿದು ನೀರಿನ ಕೊಡದ ಹತ್ತಿರ ಉರುಳಿತು. ಸುತ್ತ ಇದ್ದ ಮೂವತ್ತು ನಲವತ್ತು ಹುಡುಗಿಯರು ನೋಡುತ್ತಿದ್ದರು.

"ನೋಡಿದ್ರಾ?" ಅಂದರು ಮೇಷ್ಟ್ರು ಆಯ್ಕೆಗಾರರಿಗೆ.

ಅವಳು ಅಳಲಿಲ್ಲ. ಹಣೆಗೆ ಮೆತ್ತಿದ ಮಣ್ಣನ್ನು ಅಂಗೈಯಿಂದ ಒರೆಸಿಕೊಂಡಳು, ಅಷ್ಟೇ. ವಾಪಸು ಬರುವಾಗ ಮೂವರೂ ಒಂದೇ ಬಸ್ಸು ಹತ್ತಿದೆವು. ಶ್ರೀರಂಗಪಟ್ಟಣದಲ್ಲಿ ಬಸ್ಸು ನಿಂತಾಗ ಅವಳು ಚೀಲ ಎತ್ತಿಕೊಂಡು ಇಳಿದುಬಿಟ್ಟಳು. ಹಿಂದಿನ ಬಸ್ಸಿಗೆ ಬರುತ್ತೇನೆ ಅಂತ ಕಂಡಕ್ಟರಿಗೆ ಹೇಳಿದಳು, ಅಪ್ಪನಿಗಲ್ಲ. ಮೇಷ್ಟ್ರು ತಿರುಗಿ ನೋಡಲಿಲ್ಲ. ನಾನು ಕಿಟಕಿಯ ಪಕ್ಕ ಕೂತು, ಮುಖ ಸಪ್ಪಗೆ ಮಾಡಿಕೊಂಡು, ಒಳಗೊಳಗೇ ಕುಣಿಯುತ್ತಿದ್ದೆ. ಇದನ್ನು ಯಾರಿಗೂ ಹೇಳಿರಲಿಲ್ಲ, ಈಗ ಬರೆಯುತ್ತಿದ್ದೇನೆ.

ಅವಳು ಮತ್ತೆ ಮೈದಾನಕ್ಕೆ ಬರಲಿಲ್ಲ. ಮುಂದಿನ ಬೇಸಿಗೆಯೊಳಗೆ ನಾಗಮಂಗಲಕ್ಕೆ ಮದುವೆಯಾಗಿ ಹೋದಳು. ಮದುವೆಗೆ ನನ್ನನ್ನು ಕರೆದಿರಲಿಲ್ಲ.

ನಾನು ಕ್ಯಾಂಪು ಮುಗಿಸಿ, ತಂಡಕ್ಕೆ ಆಯ್ಕೆಯಾಗಿ, ನಾಲ್ಕು ದಿನದ ರಜಕ್ಕೆ ಊರಿಗೆ ಬಂದಾಗ ಪಾಂಡವಪುರದಲ್ಲಿ ಸನ್ಮಾನ ಇಟ್ಟುಕೊಂಡಿದ್ದರು. ಶಾಲು, ಹಾರ, ಹಣ್ಣಿನ ಬುಟ್ಟಿ. ಮಾತಾಡಿದವರೆಲ್ಲ ಕಪ್ಪು ನಮ್ಮದೇ ಎಂದರು. ನಮ್ಮ ನೆಲ, ನಮ್ಮ ಜನ, ಮಂಡ್ಯದ ನೀರು ಕುಡಿದ ಹುಡುಗಿ, ಸೋಲುವ ಮಾತೆಲ್ಲಿ? ನಮ್ಮಪ್ಪ ಮುಂದಿನ ಸಾಲಿನಲ್ಲಿ ಕೂತು ಚಪ್ಪಾಳೆ ತಟ್ಟಿ ತಟ್ಟಿ ಅಂಗೈ ಕೆಂಪಾಗಿಸಿಕೊಂಡಿದ್ದ. ಕೊನೆಗೆ ಗುರುಗಳು ಎರಡು ಮಾತು ಆಡಲಿ ಎಂದು ಮೇಷ್ಟ್ರ ಕೈಗೆ ಮೈಕು ಕೊಟ್ಟರು.

"ಸೋಲ್ತಾರೆ," ಅಂದರು ಅವರು.

ಸಭೆ ನಕ್ಕಿತು. ತಮಾಷೆ ಅಂದುಕೊಂಡಿತು.

"ನಗಬೇಡಿ. ಎಲ್ಲಾ ಆಟನೂ ಸೋಲ್ತಾರೆ. ಸುಮ್ನೆ ಅಲ್ಲ, ನಾಚಿಕೆ ಆಗೋ ಅಂಗೆ ಸೋಲ್ತಾರೆ. ನಮ್ಮ ಹುಡುಗೀರು ಮಣ್ಣಲ್ಲಿ ಆಡ್ದೋರು, ಅಲ್ಲಿ ಹಲಗೆ ನೆಲ; ತಿರುಗಕ್ಕೋದ್ರೆ ಜಾರ್ತದೆ. ನಮ್ಮದು ಎರಡು ತಿಂಗಳ ಕ್ಯಾಂಪು. ಅವ್ರು ಚಿಕ್ಕಂದಿಂದ ಒಟ್ಟಿಗೆ ಆಡ್ಕೊಂಡು ಬಂದವ್ರೆ. ನಮ್ಮೂರಲ್ಲಿ ನಡೀತದೆ ಅಂತ ಚೆಂಡು ಕನ್ನಡ ಕಲ್ತ್ಕೋತದಾ? ಕಪ್ಪು ಗಿಪ್ಪು ಅಂತ ಈ ಮಗೀನ ತಲೆ ಕೆಡಿಸಬೇಡಿ."

ಮೈಕನ್ನು ಮೇಜಿನ ಮೇಲಿಟ್ಟು ಕೆಳಗಿಳಿದರು. ಯಾರೋ "ಮಗಳು ಸೆಲೆಕ್ಟ್ ಆಗ್ನಿಲ್ಲ ಅಂತ ಹೊಟ್ಟೆಕಿಚ್ಚು ಕಣ್ಲಾ" ಅಂದದ್ದು ವೇದಿಕೆಯ ಮೇಲಿದ್ದ ನನಗೂ ಕೇಳಿಸಿತು, ಅವರಿಗೂ. ನಮ್ಮಪ್ಪ ಎದ್ದು ಹೋಗಿ ಅವರ ಅಂಗಿ ಹಿಡಿದ. "ನನ್ ಮಗಳ ಹಾರ ಬಾಡಿಲ್ಲ, ಆಗ್ಲೇ ಶಾಪ ಹಾಕ್ತೀಯೇನಯ್ಯ?" ಜನ ಬಿಡಿಸಿದರು. ಮೇಷ್ಟ್ರು ಗುಂಡಿ ಕಿತ್ತ ಅಂಗಿಯಲ್ಲೇ ನನ್ನ ಹತ್ತಿರ ಬಂದರು. ನಾನು ಮುಖ ತಿರುಗಿಸಿದೆ.

"ನಿನ್ನ ಗೆಲ್ಲಕ್ಕೆ ಕಳಿಸ್ತಿಲ್ಲ ಕಣವ್ವ," ಅಂದರು. "ಸೋಲಕ್ಕೇ ಕಳಿಸ್ತಿರೋದು. ಕಣ್ಬಿಟ್ಕೊಂಡು ಸೋಲು."

ಅವತ್ತು ಅವರನ್ನು ನಾನು ದ್ವೇಷಿಸಿದೆ.

ಪಂದ್ಯಗಳು ಉತ್ತರದ ಒಂದು ದೊಡ್ಡ ಊರಿನಲ್ಲಿ. ಮೊದಲ ಆಟವೇ ಹಿಂದಿನ ಸಲ ಗೆದ್ದಿದ್ದ ತಂಡದ ಮೇಲೆ. ಅವರು ಅಷ್ಟು ಗಟ್ಟಿಮುಟ್ಟಾಗಿಯೂ ಇರಲಿಲ್ಲ. ಆದರೆ ಚೆಂಡು ಅವರ ಕೈಯಿಂದ ಕೈಗೆ ಹೋಗುವುದು ನಮ್ಮ ಕಣ್ಣಿಗೆ ಸಿಕ್ಕುತ್ತಿರಲಿಲ್ಲ. ಮೊದಲು ನಿಂತಿದ್ದ ನಮ್ಮ ಗೋಲ್‌ಕೀಪರ್ ಕಾಲುಗಂಟೆಯಲ್ಲಿ ಹನ್ನೆರಡು ಗೋಲು ಬಿಟ್ಟು, ತಲೆಯ ಮೇಲೆ ಟವೆಲ್ ಹಾಕಿಕೊಂಡು ಬೆಂಚಿಗೆ ಬಂದಳು. ನನ್ನನ್ನು ಒಳಗೆ ಕಳಿಸಿದರು. ಹಲಗೆ ನೆಲ ಜಾರಿತು. ತೊಡೆಗೆ, ಭುಜಕ್ಕೆ, ಹೊಟ್ಟೆಗೆ ಬಡಿಯಿತು. ನಾಲ್ಕನ್ನು ತಡೆದರೆ ಹತ್ತು ಒಳಗೆ. ನಮ್ಮ ಜನ ಮೊದಲು ಕೂಗಿ ಹುರಿದುಂಬಿಸಿದರು, ಆಮೇಲೆ ಸುಮ್ಮನಾದರು, ಕೊನೆಗೆ ನಗತೊಡಗಿದರು. ಎದುರಾಳಿಗಳು ಗೋಲು ಹೊಡೆದಾಗಲೇ ಚಪ್ಪಾಳೆ ಬೀಳುತ್ತಿತ್ತು. ನಮ್ಮದೇ ನೆಲ. ಮುಗಿದಾಗ ಅವರದು ನಲವತ್ತೊಂದು, ನಮ್ಮದು ಏಳು. ಉಳಿದ ಆಟಗಳೂ ಹೆಚ್ಚು ಕಡಿಮೆ ಹೀಗೇ. ಮೇಷ್ಟ್ರು ಸಭೆಯಲ್ಲಿ ಹೇಳಿದ್ದರಲ್ಲಿ ಒಂದು ಮಾತೂ ಸುಳ್ಳಾಗಲಿಲ್ಲ.

ಅವರು ಬಂದಿದ್ದಾರೆ ಎಂಬುದೇ ನನಗೆ ಗೊತ್ತಿರಲಿಲ್ಲ. ಕೊನೆಯ ದಿನ ರೈಲು ನಿಲ್ದಾಣದಲ್ಲಿ ಕಂಬಕ್ಕೆ ಒರಗಿ ನಿಂತಿದ್ದರು. ಎರಡು ರಾತ್ರಿ ಎರಡು ಹಗಲು ಕೂತೇ ಬಂದು, ಎಲ್ಲ ಆಟಗಳನ್ನೂ ಮೇಲಿನ ಸಾಲಿನಿಂದ ನೋಡಿದ್ದರು. ನನ್ನ ಎಡಗಣ್ಣು ಊದಿ ಮುಚ್ಚಿಕೊಂಡಿತ್ತು. ಈಗಲಾದರೂ ಒಂದು ಮಾತು ಸಿಗಬಹುದೆಂದು ಕಾದೆ.

"ಎಡಗಾಲು ತಡವಾಗಿ ಏಳ್ತದೆ ನಿಂದು. ಮೊದಲ್ನೇ ದಿನದಲ್ಲೇ ಆರು ಗೋಲು ಅದ್ರಲ್ಲೇ ಹೋದ್ವು."

ನನಗೆ ರೇಗಿತು. "ನಿಮ್ಮ ಮಗಳು ಆಗಿದ್ರೆ ತಡೀತಿದ್ಲು ಸಾ," ಅಂದೆ. ನೋಯಿಸಬೇಕೆಂದೇ ಅಂದೆ.

ಅವರು ಹಳಿಯ ಕಡೆ ತಿರುಗಿದರು. "ತಡೀತಿದ್ಲು. ನಿನಗಿಂತ ಚೆನ್ನಾಗೇ ತಡೀತಿದ್ಲು. ಆದ್ರೂ ಸೋಲ್ತಿದ್ಲು," ಅಂದರು. "ನಾನೂ ಒಂದ್ಸಲ ದೇಶದ ಟೀಮಲ್ಲಿದ್ದೆ. ಹೊರದೇಶ. ಅರ್ಧ ಆಟ ಕಣ್ಮುಚ್ಕೊಂಡು ನಿಂತಿದ್ದೆ. ಜನ ನಕ್ಕಿದ್ದು ಇವತ್ತಿಗೂ ಕಿವೀಲಿ ಐತೆ. ಅದು ನನ್ನಿಂದಾನೇ ಅವಳ್ಗೆ ಬಂದದೆ ಕಣವ್ವ. ಅವಳ ತಪ್ಪಲ್ಲ. ನನ್ ಮಗಳ್ನ ನೋಡಿ ಜನ ನಗೋದ ನಾನು ನೋಡಕ್ಕಾಗ್ತಿರಲಿಲ್ಲ."

"ಇದ್ನ ಅವಳ್ಗೆ ಹೇಳಿದ್ರಾ?"

"ಹೆಂಗೆ ಹೇಳ್ಲಿ?"

ರೈಲು ಬಂತು. ಅವರು ತಮ್ಮ ಡಬ್ಬಿಗೆ ಹೋದರು.

ನನಗೆ ಕ್ರೀಡಾ ಕೋಟಾದಲ್ಲಿ ಮೈಸೂರಿನಲ್ಲಿ ಕೆಲಸ ಸಿಕ್ಕಿತು. ನಾನು ಉಂಡ ಅನ್ನವೆಲ್ಲ ಆ ಗೋಲಿನಿಂದ ಬಂದದ್ದು. ಅಂದರೆ ಅವಳ ಹಣೆಗೆ ಬಡಿದ ಆ ಚೆಂಡಿನಿಂದ. ಅವಳನ್ನು ಕಂಡು ರೈಲು ನಿಲ್ದಾಣದ ಮಾತನ್ನು ಹೇಳಬೇಕೆಂದು ಪ್ರತಿ ವರ್ಷವೂ ಅಂದುಕೊಂಡೆ. ನಾಗಮಂಗಲ ಎಷ್ಟು ದೂರ? ಹೋಗಲಿಲ್ಲ. ಮೇಷ್ಟ್ರ ಹೆಂಡತಿ ತೀರಿಕೊಂಡರು. ಆಮೇಲೆ ಅವರಿಗೆ ಲಕ್ವ ಹೊಡೆದು ಬಲಭಾಗ ಬಿದ್ದುಹೋಯಿತು, ಮಾತು ನಿಂತಿತು, ಮಗಳೇ ಕರೆದುಕೊಂಡು ಹೋಗಿ ಇಟ್ಟುಕೊಂಡಿದ್ದಾಳೆ ಎಂದು ಕೇಳಿದೆ. ಆಗಲೂ ಹೋಗಲಿಲ್ಲ. ಎಂಟು ತಿಂಗಳ ಮೇಲೆ ಹೋದದ್ದು ಅವರ ಹನ್ನೊಂದನೆಯ ದಿನದ ತಿಥಿಗೆ.

ಅವಳು ಹಿತ್ತಿಲಿನ ಕಲ್ಲಿನ ಮೇಲೆ ಪಾತ್ರೆ ತೊಳೆಯುತ್ತಿದ್ದಳು. ನನ್ನನ್ನು ಕಂಡು ಕೈ ಒರೆಸಿಕೊಂಡಳು.

"ಈಗ ಬಂದ್ಯಾ," ಅಂದಳು.

ನಾನು ಏನೋ ತೊದಲಿದೆ. ಅವಳು ಕೇಳಿಸಿಕೊಳ್ಳಲಿಲ್ಲ.

"ಅಪ್ಪಂಗೆ ಮಾತು ಹೊರಳ್ತಿರ್ಲಿಲ್ಲ ಕಣೆ. ಹೊರಳ್ತಿದ್ದಿದ್ದು ಒಂದೇ, ನಿನ್ ಹೆಸ್ರು. ನನ್ನ ಮಕ ನೋಡ್ಕೊಂಡು ನಿನ್ ಹೆಸ್ರೇ ಕೂಗೋರು. ನಾನು, 'ಅಪ್ಪ, ನಾನು ಕಣಪ್ಪ ನಿನ್ ಮಗಳು' ಅಂದ್ರೆ ಮಕ ತಿರುಗಿಸ್ಬುಡೋರು. ಹಲ್ಲು ಕಚ್ಕೊಂಡು ಒಂದಗುಳೂ ಒಳಕ್ಕೆ ಬುಡ್ತಿರ್ಲಿಲ್ಲ. ಮೂರು ದಿನ ಉಪವಾಸ. ನಾಲ್ಕನೇ ದಿನ ನೀನು ಅಂತಿದ್ದಂಗೆ, 'ಬಂದೆ ಸಾ' ಅಂದೆ. ಬಾಯಿ ತೆಗೆದ್ರು."

ತೊಳೆದ ಪಾತ್ರೆಯನ್ನು ಮಗುಚಿಟ್ಟಳು.

"ಅವತ್ತಿಂದ ಸಾಯೋಗಂಟ ಅಂಗೇ ಉಣಿಸ್ದೆ. ಹೇಲು ಉಚ್ಚೆ ಬಾಚಿದ್ದು ನಾನು, ಹೆಸ್ರು ನಿಂದು."

ಅವಳ ದನಿಯಲ್ಲಿ ಕೋಪ ಇರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು. ಇನ್ನೊಂದು ಪಾತ್ರೆ ಎಳೆದುಕೊಂಡು, ತಲೆಯೆತ್ತಿದಳು.

"ನಿನ್ ಹತ್ರ ಏನಾರ ಅಂದಿದ್ರಾ? ನನ್ ಬಗ್ಗೆ? ಯಾವತ್ತಾರ?"

ಹೇಳಬೇಕಾಗಿದ್ದ ಮಾತು ನಾಲಗೆಯ ತುದಿಗೆ ಬಂತು. ಹೇಳಿದರೆ, ಇಷ್ಟು ವರ್ಷ ಅದನ್ನು ನನ್ನ ಹತ್ತಿರವೇ ಇಟ್ಟುಕೊಂಡಿದ್ದೆ ಎಂಬುದನ್ನೂ ಹೇಳಬೇಕಿತ್ತು. ಅಪ್ಪ ಬದುಕಿದ್ದಾಗಲೇ ಅವಳಿಗೆ ಅದು ಸಿಗಬಹುದಿತ್ತು ಎಂಬುದನ್ನೂ.

"ಇಲ್ಲ," ಅಂದೆ.

ಅವಳು ನನ್ನ ಕಣ್ಣನ್ನೇ ಒಂದು ಗಳಿಗೆ ನೋಡಿದಳು. ಆಮೇಲೆ ಎದ್ದು ಸೆರಗು ಕೊಡವಿಕೊಂಡಳು.

"ಬಾ, ಎಲೆ ಹಾಕವ್ರೆ," ಅಂದಳು. "ಉಣ್ಕೊಂಡು ಹೋಗು."

ನನಗೆ ಅವಳೇ ಬಡಿಸಿದಳು. ನಾನು ಉಂಡೆ.