ಕಿವಿಗುಣದ ಡಾಕ್ಟರು

ನನ್ನ ಕಾಯಿಲೆಯನ್ನು ನಾನೇ ಡಾಕ್ಟರಿಗೆ ಹೇಳಿಕೊಂಡದ್ದು ನನಗೆ ನೆನಪಿಲ್ಲ. ನಗಬೇಡಿ. ನಮ್ಮ ಕಡೆ ದವಾಖಾನೆಗೆ ಒಬ್ಬರೇ ಹೋಗುವ ಪದ್ಧತಿಯೇ ಇರಲಿಲ್ಲ. ಹೊಟ್ಟೆ ನೋಯುವುದು ಒಬ್ಬರಿಗೆ, ಬಸ್ಸು ಹತ್ತುವವರು ನಾಲ್ವರು, ಡಾಕ್ಟರ ಮುಂದೆ ಬಾಯಿ ಬಿಡುವವರು ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕು ಜೊತೆಗೂಡಿದ ಐದನೆಯವರು. ರೋಗಿ ಸ್ಟೂಲಿನ ಮೇಲೆ ಕೂತು ನಾಲಿಗೆ ಚಾಚಿ ತೋರಿಸಿದರೆ ಅವನ ಕೆಲಸ ಮುಗಿಯಿತು. ಯಾರಾದರೂ ತನ್ನ ನೋವನ್ನು ತಾನೇ ವಿವರವಾಗಿ ಹೇಳಿಕೊಂಡರೆ ನಮ್ಮ ಮಂದಿಗೆ ಅನುಮಾನ ಶುರುವಾಗುತ್ತದೆ. "ಇಷ್ಟು ಮಾತಾಡ್ತಾನಂದ್ರ ಇವನಿಗೇನು ಧಾಡಿ ಆಗೈತಿ?" ಎನ್ನುತ್ತಾರೆ.

ಹಲ್ಲು, ಹೊಟ್ಟೆ, ಮಂಡಿಗಳ ಮಟ್ಟಿಗೆ ಈ ಪದ್ಧತಿ ಚೆನ್ನಾಗಿಯೇ ನಡೆಯುತ್ತದೆ. ನನಗೆ ಬಂದದ್ದು ಮನಸ್ಸಿನದು. ತೊಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಾನು ಮಸ್ಕಿಯಲ್ಲಿ ಹೈಸ್ಕೂಲು ಮಕ್ಕಳಿಗೆ ಕನ್ನಡ ಕಲಿಸುತ್ತಿದ್ದೆ. ನನ್ನ ಗಂಡನಿಗೆ ಸಿಂಧನೂರಿನ ಕಾಲುವೆ ಆಫೀಸಿನಲ್ಲಿ ನೌಕರಿ, ಮನೆಗೆ ಬರುವುದು ವಾರಕ್ಕೊಮ್ಮೆ. ಮಗಳು ಕಮಲಿಯನ್ನು ನೋಡಿಕೊಳ್ಳಲೆಂದು ತುರ್ವಿಹಾಳದಿಂದ ಅತ್ತೆ ಬಂದು ನಮ್ಮ ಜೊತೆಗೇ ಇದ್ದರು. ಕಮಲಿಗೆ ಜ್ವರ ಬಂತು, ನೆತ್ತಿಗೇರಿತು, ಹೋದಳು. ಇನ್ನೂ ಮೂರು ತುಂಬಿರಲಿಲ್ಲ. ಇದನ್ನು ಇದಕ್ಕಿಂತ ಉದ್ದವಾಗಿ ಹೇಳಲು ನನಗೆ ಇವತ್ತಿಗೂ ಆಗುವುದಿಲ್ಲ.

ಅತ್ತರೆ ಹಗುರಾಗುತ್ತದೆ ಅಂದರು. ಅಳು ಬರಲಿಲ್ಲ. ಮಾತಾಡಿಸಲು ಬಂದವರೆಲ್ಲ ತಾವೇ ಮಾತಾಡಿ, ತಾವೇ ಅತ್ತು, ಚಹಾ ಕುಡಿದು ಹಗುರಾಗಿ ಹೋದರು. ನಾನು ಮಾತ್ರ ಕೂತಲ್ಲೇ ಕೂತೆ. ನಿದ್ದೆ ಹೋಯಿತು, ಹಸಿವು ಹೋಯಿತು. ಕಪ್ಪುಹಲಗೆಯ ಮುಂದೆ ನಿಂತರೆ ಬರೆಯಬೇಕಾದ ಮುಂದಿನ ಅಕ್ಷರ ಯಾವುದೆಂದು ತಿಳಿಯದೆ ನಿಂತೇ ಬಿಡುತ್ತಿದ್ದೆ. ಹೆಡ್‌ಮಾಸ್ತರು ರಜೆ ಕೊಟ್ಟು ಮನೆಗೆ ಕಳಿಸಿದರು. ಮನೆಯಲ್ಲಿ ಕಮಲಿಯ ಹೆಸರನ್ನು ಯಾರೂ ಎತ್ತುತ್ತಿರಲಿಲ್ಲ. ನನ್ನ ಎದೆ ಒಡೆದೀತೆಂದು ಅವರಿಗೆ ಹೆದರಿಕೆ. ಯಾರಾದರೂ ಒಮ್ಮೆ ಆ ಹೆಸರು ಹೇಳಬಾರದೇ, ನಾನೂ ಹೇಳುತ್ತಿದ್ದೆನಲ್ಲ ಎಂದು ನನಗೆ ಆಸೆ. ಹೇಳದೆ ಇದ್ದರೆ ಆ ಮಗು ಹುಟ್ಟಿಯೇ ಇರಲಿಲ್ಲವೇನೋ ಎಂಬ ಹಾಗೆ ದಿನಗಳು ಹೋಗುತ್ತಿದ್ದವು. ನನ್ನನ್ನು ತಿನ್ನುತ್ತಿದ್ದದ್ದು ಅದೇ.

ಅತ್ತೆ ಟೊಂಕ ಕಟ್ಟಿದರು. ಮೊದಲು ಊರಲ್ಲೇ ಇದ್ದ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. "ಡಾಕ್ಟ್ರೇ, ಈಕಿಗೆ ನಿದ್ದಿ ಬರಂಗಿಲ್ರೀ. ಕೂಳು ನೀರು ಸೇರಂಗಿಲ್ಲ. ಕುಂತ್ರ ಕುಂತಲ್ಲೇ, ನಿಂತ್ರ ನಿಂತಲ್ಲೇ." ಡಾಕ್ಟರು ನನ್ನ ಮುಖ ನೋಡದೆ ಕೆಂಪು ಔಷಧಿಯ ಬಾಟಲಿ ಏರಿಸಿದರು. ಆಮೇಲೆ ದರ್ಗಾ, ತಾಯತ, ಒಬ್ಬ ಸ್ವಾಮಿಗಳ ವಿಭೂತಿ. ಹೋದಲ್ಲೆಲ್ಲ ಅತ್ತೆಯದೇ ನಿವೇದನೆ. ಹೇಳಿ ಹೇಳಿ ಅವರ ಮಾತಿಗೆ ಒಳ್ಳೆಯ ಹದ ಬಂದಿತ್ತು. ಎಲ್ಲಿ ನಿಲ್ಲಿಸಿ ಉಸಿರು ಬಿಡಬೇಕು, ಎಲ್ಲಿ ನನ್ನ ತೋಳು ಎತ್ತಿ "ನೋಡ್ರಿ, ಹೆಂಗ ಸೊರಗ್ಯಾಳ" ಅನ್ನಬೇಕು ಎಲ್ಲ ಪಕ್ಕಾ. ಕೇಳುತ್ತ ಕೇಳುತ್ತ ನನಗೇ ಆ ಮಾತಿನೊಳಗಿನ ಹೆಂಗಸಿನ ಬಗ್ಗೆ ಅಯ್ಯೋ ಪಾಪ ಅನಿಸುತ್ತಿತ್ತು. ಆದರೆ ಅಷ್ಟು ದೊಡ್ಡ ನಿವೇದನೆಯಲ್ಲಿ ಕಮಲಿಯೊಬ್ಬಳು ಎಲ್ಲೂ ಬರುತ್ತಿರಲಿಲ್ಲ.

ಕನ್ನಡ ಪಂಡಿತಳಾಗಿ ಸಂಬಳ ತಿಂದವಳು, ಸ್ವಲ್ಪ ಪಾಂಡಿತ್ಯ ತೋರಿಸಲು ಬಿಡಿ. ನಮ್ಮ ಹಳೆಯ ಕಾವ್ಯಗಳಲ್ಲಿ ವಿರಹಿಣಿ ಎಂದಾದರೂ ಬಾಯಿಬಿಟ್ಟು ತನ್ನ ಸಂಕಟ ಹೇಳಿದ್ದುಂಟೇ? ಇಲ್ಲ. ಅವಳು ಬಾಳೆಲೆಯ ಮೇಲೆ ಮಲಗಿ ಬಾಡುತ್ತಾಳೆ. ಓಡಾಡುವವಳು, ಗಂಧ ತೇಯುವವಳು, ಹೋಗಿ ನಲ್ಲನಿಗೆ "ಅವಳಿಗೆ ನಿದ್ದೆಯಿಲ್ಲ, ಊಟವಿಲ್ಲ" ಎಂದು ವರದಿ ಒಪ್ಪಿಸುವವಳು ಸಖಿ. ಅಂದರೆ ಕವಿಗಳೂ ನಮ್ಮ ದವಾಖಾನೆಯ ಪದ್ಧತಿಯನ್ನೇ ಪಾಲಿಸಿದ್ದಾರೆ. ಆದರೆ ಆ ಸಖಿಗೆ ರಾತ್ರಿ ನಿದ್ದೆ ಬರುತ್ತಿತ್ತೋ ಇಲ್ಲವೋ ಎಂದು ಯಾವ ಕವಿಯೂ ಕೇಳಿಲ್ಲ. ಇನ್ನು ನಮ್ಮೂರ ಶಾಸನದ ಬಂಡೆಯನ್ನೇ ನೋಡಿ. ಅಷ್ಟು ದೊಡ್ಡ ಚಕ್ರವರ್ತಿ ತನ್ನ ಮನಸ್ಸಿನಲ್ಲಿದ್ದುದನ್ನು ಮಸ್ಕಿಯ ಗುಡ್ಡದ ಕಲ್ಲಿನ ಮೇಲೆ ಕೆತ್ತಿಸಿದ್ದಾನೆ. ಪಂಡಿತರು ಅದಕ್ಕೆ ಧರ್ಮಪ್ರಸಾರ ಅನ್ನುತ್ತಾರೆ. ಆ ರಜೆಯ ದಿನಗಳಲ್ಲಿ ನನಗೆ ಅನಿಸಿದ್ದೇ ಬೇರೆ. ಪಾಪ, ಅವನ ಮಾತನ್ನು ಸುಮ್ಮನೆ ಕೂತು ಕೇಳುವವರು ಆಸ್ಥಾನದಲ್ಲಿ ಒಬ್ಬರೂ ಇರಲಿಲ್ಲವೇನೋ.

ಮುಂದೆ ಸಿಂಧನೂರಿಗೆ ತಿಂಗಳಿಗೊಮ್ಮೆ ಮನಸ್ಸಿನ ಡಾಕ್ಟರು ಬರುತ್ತಾರೆಂದು ನನ್ನ ಗಂಡ ಸುದ್ದಿ ತಂದರು. ಔಷಧಿ ಅಂಗಡಿಯ ಹಿಂದಿನ ಕೋಣೆ. ಅತ್ತೆ, ನಾನು ಇಬ್ಬರೂ ಒಳಗೆ ಹೋದೆವು. ಅತ್ತೆ "ಡಾಕ್ಟ್ರೇ, ಈಕಿಗೆ..." ಎಂದು ಶುರು ಮಾಡಿದ್ದೇ ತಡ, ಡಾಕ್ಟರು ಕೈಯೆತ್ತಿ ತಡೆದರು. "ಪೇಷಂಟ್ ಮಾತಾಡಲಿ. ನೀವು ಹೊರಗೆ ಕೂತಿರಿ." ಅತ್ತೆ ಎದ್ದು ಹೊರಗೆ ಹೋದರು. ಅರ್ಧ ಬಾಗಿಲಿನ ಕೆಳಗಿಂದ ಅವರ ಬಿರಿದ ಹಿಮ್ಮಡಿ ನನಗೆ ಕಾಣುತ್ತಿತ್ತು. ಡಾಕ್ಟರು ಕೇಳಿದ್ದೆಲ್ಲ ಸರಿಯಾದ ಪ್ರಶ್ನೆಗಳೇ. ಶಾಸ್ತ್ರದ ಪ್ರಕಾರ ಅವರು ಮಾಡಿದ್ದೂ ಸರಿಯೇ ಇರಬೇಕು. ನನಗೆ ಮಾತ್ರ ಬಾಯೇ ಬರಲಿಲ್ಲ. ನನ್ನ ನೋವನ್ನು ಇಷ್ಟು ದಿನ ಹೊತ್ತು ತಿರುಗಿದವರನ್ನು ಹೊರಗೆ ಹಾಕಿ, ಗುರುತಿಲ್ಲದ ಮನುಷ್ಯನಿಗೆ ಏನಂತ ಹೇಳಲಿ? ಅವರು ಗುಳಿಗೆ ಬರೆದುಕೊಟ್ಟರು. ನಿದ್ದೆ ಬಂತು, ಸುಳ್ಳು ಹೇಳಬಾರದು. ಆದರೆ ನಿದ್ದೆ ಬಂದರೆ ಎಚ್ಚರವೂ ಆಗಬೇಕಲ್ಲ. ಮಗು ಇಲ್ಲವೆಂದು ದಿನಾ ಬೆಳಿಗ್ಗೆ ಎದ್ದ ಕೂಡಲೇ ಹೊಸದಾಗಿ ಗೊತ್ತಾಗುತ್ತಿತ್ತು.

ಮತ್ತೊಬ್ಬರು ಸಮಾಧಾನ ಹೇಳುವುದರಲ್ಲಿ ಹೆಸರಾದವರೆಂದು ಹೋದರೆ, "ಇನ್ನೊಂದು ಮಗು ಆದರೆ ಎಲ್ಲಾ ಸರಿಹೋಗುತ್ತೆ" ಅಂದರು. ಒಡೆದ ಕೊಡದ ಜಾಗಕ್ಕೆ ಹೊಸ ಕೊಡ ತರುವವರ ಧಾಟಿಯಲ್ಲಿ. ಬೈಯಬೇಕೆನಿಸಿತು. ಬೈಯಲೂ ತ್ರಾಣವಿರಲಿಲ್ಲ.

ನಾವು ವೈದ್ಯರನ್ನು ಆರಿಸುವುದು ಕೈಗುಣ ನೋಡಿ. ಅವರ ಕೈಗುಣ ಚಲೋ, ಇವರ ಸೂಜಿ ಹತ್ತುವುದಿಲ್ಲ ಎಂದು ನಮ್ಮ ಮಂದಿಗೆ ಖಚಿತವಾಗಿ ಗೊತ್ತಿರುತ್ತದೆ. ಮನಸ್ಸಿನ ವೈದ್ಯರಿಗೆ ಕೈಯಿಂದ ಏನು ಕೆಲಸ? ಅವರಿಗೆ ಬೇಕಾದದ್ದು ಕಿವಿಗುಣ. ಅದು ಬೋರ್ಡಿನ ಮೇಲಿನ ಡಿಗ್ರಿಯಲ್ಲಿ ಕಾಣುವುದಿಲ್ಲ. ಒಬ್ಬರಿಗೆ ಹತ್ತಿದ ಕಿವಿ ಇನ್ನೊಬ್ಬರಿಗೆ ಹತ್ತುವುದೂ ಇಲ್ಲ. ಸಿಂಧನೂರಿನ ಅದೇ ಡಾಕ್ಟರಿಂದ ನನ್ನ ಸಹೋದ್ಯೋಗಿಯೊಬ್ಬರ ತಮ್ಮ ಪೂರ್ತಿ ಗುಣವಾಗಿ ಈಗಲೂ ಅವರ ಹೆಸರಿಗೆ ಕೈಮುಗಿಯುತ್ತಾನೆ. ಹೀಗಾಗಿ ಹುಡುಕುವುದೊಂದೇ ದಾರಿ. ದುಃಖದ ಸಂಗತಿ ಎಂದರೆ, ಹುಡುಕುವ ಶಕ್ತಿ ಇದ್ದಾಗ ಅದರ ಅಗತ್ಯ ಇರುವುದಿಲ್ಲ. ಅಗತ್ಯ ಬಿದ್ದಾಗ ಎದ್ದು ಚಪ್ಪಲಿ ಮೆಟ್ಟುವ ಶಕ್ತಿಯೂ ಇರುವುದಿಲ್ಲ. ಎಳೆದುಕೊಂಡು ಹೋಗಲು ನನಗೆ ಅತ್ತೆ ಇದ್ದರು.

ಲಿಂಗಸುಗೂರಿನಲ್ಲಿ ಒಬ್ಬ ಹೆಣ್ಣುಮಗಳು ಶನಿವಾರ ಬಂದು ಕೂರುತ್ತಾರೆ, ಸೂಜಿ ಇಲ್ಲ, ಗುಳಿಗೆ ಇಲ್ಲ, ಬರೀ ಮಾತು ಎಂದು ಯಾರೋ ಹೇಳಿದರು. ಆಪ್ತಸಲಹೆ ಎಂಬ ಶಬ್ದ ಆಗ ನಮ್ಮೂರಿಗೆ ಬಂದಿರಲಿಲ್ಲ. ಅತ್ತೆ ಕೇಳಿದವರಿಗೆಲ್ಲ "ಮಾತಾಡ್ಸೋ ಡಾಕ್ಟ್ರ ಹಂತ್ಯಾಕ ಹೊಂಟೀವಿ" ಅಂದರು. ಹೋಗಿ ನೋಡಿದರೆ ನಡುವಯಸ್ಸಿನ ಹೆಂಗಸು, ಜೋರು ನೆಗಡಿ, ಮೂಗು ಒರೆಸಿಕೊಳ್ಳುತ್ತ ಕೂತಿದ್ದಾರೆ. ನನಗೆ ನಂಬಿಕೆ ಹುಟ್ಟಲಿಲ್ಲ. ತನ್ನ ನೆಗಡಿಗೇ ದಾರಿ ಕಾಣದವರು ನನಗೇನು ದಾರಿ ತೋರಿಸಿಯಾರು ಅಂದುಕೊಂಡೆ. ಹೊರಗೆ ಹಾಕುತ್ತಾರೆಂಬ ಅಂಜಿಕೆಯಿಂದ ಅತ್ತೆ ಬಾಗಿಲಲ್ಲೇ ನಿಂತರು. "ಯಾಕ್ರೀ ಅಲ್ಲೇ ನಿಂತ್ರಿ? ಒಳಗ ಬರ್ರಿ, ಕೂಡ್ರಿ" ಎಂದು ಆಕೆ ಇನ್ನೊಂದು ಕುರ್ಚಿ ಎಳೆದರು. ಮಾತು ನಮ್ಮ ರಾಯಚೂರು ಕಡೆಯದೇ.

ಅತ್ತೆಗೆ ಜೀವ ಬಂತು. ತಮ್ಮ ನಿವೇದನೆಯನ್ನು ಒಂದಕ್ಷರ ಬಿಡದೆ ಒಪ್ಪಿಸಿದರು. ಆಕೆ ಪೂರ್ತಿ ಕೇಳಿದರು, ಒಮ್ಮೆಯೂ ನಡುವೆ ಬಾಯಿ ಹಾಕಲಿಲ್ಲ. ಕೇಳಿ ಆದ ಮೇಲೆ ನನ್ನ ಕಡೆ ತಿರುಗುತ್ತಾರೆಂದು ನಾನು ತಲೆ ತಗ್ಗಿಸಿದೆ. ಅವರು ತಿರುಗಲಿಲ್ಲ.

"ಅಮ್ಮಾ, ಆಕಿದು ಹೇಳಿದ್ರಿ. ಈಗ ನಿಮ್ಮದು ಹೇಳ್ರಿ. ನಿಮಗ ನಿದ್ದಿ ಬರ್ತೈತೇನು?"

"ನನಗೇನಾಗೈತ್ರೀ? ನಾ ಗಟ್ಟಿ ಅದೀನಿ. ಆರಾಮಿಲ್ಲದ್ದು ಈಕಿಗೆ."

"ಕೂಸು ನಿಮಗೂ ಹೋಗೈತಲ್ರೀ."

ಅತ್ತೆ ಬಾಯಿ ತೆರೆದರು. ಅಷ್ಟು ಬಾಗಿಲು ತಿರುಗಿ ಅಷ್ಟು ಮಾತಾಡಿದ ಬಾಯಿಂದ ಒಂದು ಶಬ್ದ ಬರಲೊಲ್ಲದು. ಸೆರಗು ಬಾಯಿಗೆ ಒತ್ತಿ ನನ್ನ ಕಡೆ ನೋಡಿದರು. ದವಾಖಾನೆಯಲ್ಲಿ ಆರಾಮಿಲ್ಲದವರು ಮಾತಾಡುವುದಿಲ್ಲ, ಜೊತೆಗೆ ಬಂದವರು ಹೇಳಬೇಕು. ಅವತ್ತು ಅತ್ತೆಯ ಜೊತೆಗೆ ಬಂದವಳು ನಾನೊಬ್ಬಳೇ ಇದ್ದೆ.

"ಇವರಿಗೆ ನಿದ್ದಿ ಬರಂಗಿಲ್ರೀ" ಅಂದೆ. ನನ್ನ ದನಿ ನನಗೇ ಗುರುತು ಸಿಗಲಿಲ್ಲ. "ಅಡಗಿ ಮನ್ಯಾಗ ಒಬ್ಬರೇ ಅಳ್ತಾರ. ಕೇಳಿದ್ರ ಹೊಗಿ ಕಣ್ಣಿಗೆ ಹೋತು ಅಂತಾರ. ಹೊಗಿ ಎಲ್ಲೀದ್ರೀ? ನಮ್ಮ ಮನ್ಯಾಗ ಗ್ಯಾಸ್ ಬಂದು ಎಷ್ಟೋ ದಿನ ಆತು. ಮಧ್ಯಾಹ್ನ ಅನ್ನಕ್ಕ ತುಪ್ಪ ಹಾಕಿ ಮೆತ್ತಗ ಕಲಸ್ತಾರ. ಕಲಸಿದ ಮ್ಯಾಲ ಖಬರ್ ಬರ್ತೈತಿ. ನಾ ನೋಡಬಾರದಂತ ಗೋಡಿ ಕಡಿ ತಿರುಗಿ ತಾವೇ ತಿಂತಾರ. ಅದು ನಮ್ಮ ಕಮಲಿ ತುತ್ತುರೀ."

ಹೆಸರು ಬಂದುಬಿಟ್ಟಿತ್ತು. ಅತ್ತೆ ನನ್ನ ಮೊಣಕೈ ಹಿಡಿದರು. "ಲೇ ಯವ್ವಾ, ನಿನಗ ಗೊತ್ತಿತ್ತೇನ?" ಅಂದರು. ನಾನು ಹ್ಞೂಂ ಅನ್ನಲು ಹೋದೆ, ಅಷ್ಟರಲ್ಲಿ ಅಳು ಬಂತು. ಮಣ್ಣು ಮಾಡಿ ಬಂದ ದಿನ ಬರಬೇಕಾಗಿದ್ದ ಅಳು. ಇಬ್ಬರೂ ಒಬ್ಬರನ್ನೊಬ್ಬರು ಹಿಡಿದುಕೊಂಡು ಹೊರಗಿನ ಬೆಂಚಿನವರಿಗೆಲ್ಲ ಕೇಳುವ ಹಾಗೆ ಅತ್ತೆವು. ಆಕೆ ಸಮಾಧಾನ ಮಾಡಲಿಲ್ಲ. ಉಪದೇಶ ಮಾಡಲಿಲ್ಲ. ಸುಮ್ಮನೆ ಕೂತಿದ್ದರು, ಮೂಗು ಒರೆಸಿಕೊಂಡರು. ನೆಗಡಿಗೋ ಬೇರೆಯದಕ್ಕೋ ನಾನು ವಿಚಾರಿಸಲಿಲ್ಲ. ಕಡೆಗೆ ಅಂದದ್ದು ಇಷ್ಟೇ: "ಮುಂದಿನ ಶನಿವಾರ ಇಬ್ಬರೂ ಬರ್ರಿ."

ಬಹಳ ಶನಿವಾರ ಹೋದೆವು. ಪವಾಡವೇನೂ ಆಗಲಿಲ್ಲ. ಕೆಲವು ಶನಿವಾರ ಏನೂ ಮಾತಾಡದೆ ಎದ್ದು ಬಂದದ್ದುಂಟು, ಒಂದು ಶನಿವಾರ ನಾನು ಆಕೆಯ ಮೇಲೆಯೇ ರೇಗಿದ್ದುಂಟು. ಶಾಲೆಗೆ ಮರಳಿದೆ. ಕಪ್ಪುಹಲಗೆಯ ಮೇಲೆ ಮುಂದಿನ ಅಕ್ಷರ ಸಿಗತೊಡಗಿತು. ಈಗ ಯಾರಾದರೂ ಬಂದು ಚಲೋ ಮನಸ್ಸಿನ ಡಾಕ್ಟರು ಯಾರಿದ್ದಾರೆ ಎಂದು ಕೇಳಿದರೆ ನಾನು ಹೆಸರು ಹೇಳುವುದಿಲ್ಲ. ನಾಲ್ಕು ಕಡೆ ಹೋಗಿ ನೋಡಿ, ಎಲ್ಲಿ ನಿಮ್ಮ ಬಾಯಿ ತಾನಾಗಿ ತೆರೆಯುತ್ತದೋ ಅಲ್ಲಿಗೇ ಮತ್ತೆ ಹೋಗಿ ಅನ್ನುತ್ತೇನೆ. ನಾಲ್ಕು ಕಡೆಯೂ ತೆರೆಯದಿದ್ದರೆ ಅದು ನಿಮ್ಮ ತಪ್ಪಲ್ಲ ಎಂದೂ ಹೇಳುತ್ತೇನೆ.

ಆ ಮೊದಲ ಶನಿವಾರ ಮಸ್ಕಿಗೆ ಮರಳುವ ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಅತ್ತೆಗೆ ಹೇಗೋ ಒಂದು ಸೀಟಿನ ಅಂಚು ಸಿಕ್ಕಿತು, ನಾನು ಕಂಬಿ ಹಿಡಿದು ನಿಂತೆ. ಅದೇ ಸೀಟಿನಲ್ಲಿ ಕಿಟಕಿಯ ಹತ್ತಿರ ಕೂತಿದ್ದ ಹೆಂಗಸು ನಮ್ಮ ಬಾತ ಕಣ್ಣುಗಳನ್ನು ನೋಡಿ ತಡೆಯಲಾರದೆ ಕೇಳಿದಳು.

"ದವಾಖಾನಿಗಿ ಹೋಗಿದ್ರೇನಬೇ? ಯಾರಿಗೆ ಆರಾಮಿಲ್ಲ?"

ಅತ್ತೆ ಉಸಿರು ತೆಗೆದುಕೊಂಡರು. ಇನ್ನು ಶುರುವಾಯಿತು, ನನ್ನ ತೋಳು ಎತ್ತುತ್ತಾರೆ ಎಂದು ನಾನು ಸೆರಗು ಹೊದ್ದುಕೊಂಡೆ. ಅವರು ನನ್ನ ತೋಳಿಗೆ ಕೈ ಹಾಕಲಿಲ್ಲ.

"ನಮ್ಮ ಮೊಮ್ಮಗಳು ತೀರಿಕೊಂಡಾಳವ್ವ. ಕಮಲಿ ಅಂತ" ಅಂದರು. "ನಮಗಿಬ್ಬರಿಗೂ ಆರಾಮಿಲ್ಲ."

ಆ ಹೆಂಗಸು ಮಡಿಲಲ್ಲಿದ್ದ ಗಂಟನ್ನು ಕಾಲ ಬಳಿ ಇಟ್ಟು, ಕಿಟಕಿಗೆ ಒತ್ತಿ ಸರಿದು, ನನ್ನ ಕೈ ಹಿಡಿದೆಳೆದು ನಡುವೆ ಕೂಡಿಸಿಕೊಂಡಳು.