ಹೇಳಿಕೆ ಕೊಡಲಾರದ ಟೆಲಿಫೋನು

ನಮ್ಮ ಮನೆಯ ಟೆಲಿಫೋನು ಕಪ್ಪು ಬಣ್ಣದ್ದು, ಬೆರಳು ತೂರಿಸಿ ತಿರುಗಿಸುವ ಡಯಲಿನದು. ಚಂದಕ್ಕೆಂದು ಇಟ್ಟುಕೊಂಡದ್ದಲ್ಲ. ನಮ್ಮನೆಯವರಿಗೆ ಕೈ ನಡುಗುತ್ತದೆ. ಮೊಬೈಲಿನ ಗಾಜಿನ ಮೇಲೆ ಅವರ ಬೆರಳು ನಿಲ್ಲುವುದಿಲ್ಲ, ಒಂದನ್ನು ಮುಟ್ಟಲು ಹೋಗಿ ಇನ್ನೊಂದನ್ನು ಮುಟ್ಟಿರುತ್ತಾರೆ. ಗುಂಡಿ ಒತ್ತುವ ಫೋನು ತಂದುಕೊಟ್ಟರೆ ಒಂದೇ ಅಂಕಿ ಎರಡೆರಡು ಸಲ ಬೀಳುತ್ತದೆ. ಡಯಲಿನಲ್ಲಿ ಆ ತೊಂದರೆಯಿಲ್ಲ. ಬೆರಳು ತೂತಿನೊಳಗೆ ಹೊಕ್ಕಿತೆಂದರೆ ಎಷ್ಟು ನಡುಗಿದರೂ ಅಂಚು ಅದನ್ನು ಹಿಡಿದುಕೊಳ್ಳುತ್ತದೆ. ತಡೆಯವರೆಗೆ ಎಳೆದು ಬಿಟ್ಟರಾಯಿತು, ಮಿಕ್ಕಿದ್ದನ್ನು ಡಯಲೇ ಲೆಕ್ಕ ಹಾಕುತ್ತದೆ.

ಅವರು ಅಡುಗೆಯವರು. ಕೊಪ್ಪ, ಶೃಂಗೇರಿ, ಎನ್.ಆರ್.ಪುರ, ಈ ಮೂರು ತಾಲ್ಲೂಕಿನೊಳಗೆ ಮದುವೆ ಮುಂಜಿಗಳಿಗೆ ಒಲೆ ಹೂಡಿದವರು. ಕೈ ನಡುಗತೊಡಗಿದ ಮೇಲೆ ಸೌಟು ಬಿಟ್ಟರು, ಕೆಲಸ ಬಿಡಲಿಲ್ಲ. ಒಲೆಯ ಹತ್ತಿರ ಒಂದು ಕುರ್ಚಿ ಹಾಕಿಸಿಕೊಂಡು ಕೂರುತ್ತಾರೆ. ಕುದಿಯುವ ಸದ್ದಿನಲ್ಲೇ ಸಾರು ಎಲ್ಲಿಗೆ ಬಂತೆಂದು ಹೇಳುತ್ತಾರೆ. ಉಳಿದ ಕೆಲಸವೆಲ್ಲ ಟೆಲಿಫೋನಿನದು. ಸಹಾಯಕರಿಗೆ ಹೇಳಿಕೆ ಕೊಡುವುದು, ಅಂದರೆ 'ಇಂಥ ದಿನ, ಇಂಥವರ ಮನೆ, ಹಿಂದಿನ ಸಂಜೆಗೇ ಬಾ' ಎಂದು ಯಜಮಾನರು ತಮ್ಮ ಬಾಯಿಂದಲೇ ಕರೆಯುವುದು. ಆಮೇಲೆ ಬಾಳೆ ಎಲೆ, ತೆಂಗಿನಕಾಯಿ, ಪಾತ್ರೆ. ನಡುನಡುವೆ ಏನೋ ನೆನಪಾಗಿ ಮತ್ತೆ ಫೋನು. ಎಡಗೈಯಲ್ಲಿ ಬಲಗೈಯ ಮಣಿಕಟ್ಟನ್ನು ಹಿಡಿದುಕೊಂಡು, ಒಂದೊಂದು ಅಂಕಿಗೂ ಉಸಿರು ತೆಗೆದುಕೊಂಡು ತಿರುಗಿಸುತ್ತಿದ್ದರು. ಅವರು ಮುಗಿಸುವವರೆಗೆ ಹಳೆಯ ಲೈನು ಕಾಯುತ್ತಿತ್ತು.

ರಸ್ತೆ ಅಗಲ ಮಾಡುವಾಗ ಆ ಲೈನು ಹೋಯಿತು. ಟೆಲಿಫೋನ್ ಆಫೀಸಿನಲ್ಲಿ ಕೇಳಿದಾಗ, ತಾಮ್ರದ ತಂತಿ ಇನ್ನು ಹಾಕುವುದಿಲ್ಲ, ಬೇಕಿದ್ದರೆ ಇಂಟರ್ನೆಟ್ಟಿನ ಫೈಬರ್ ಹಾಕಿಸಿಕೊಳ್ಳಿ, ಫೋನೂ ಅದರಲ್ಲೇ ಬರುತ್ತದೆ ಎಂದರು. ಹಾಕಿಸಿಕೊಂಡೆವು. ಗೋಡೆಗೊಂದು ಬಿಳಿ ಡಬ್ಬಿ ಬಂತು. ಹಸಿರು ದೀಪ ಮಿಣುಕಿತು. ಫೈಬರಿನವರು ಶೃಂಗೇರಿ ಕಡೆಯವರು, ಹೊಟ್ಟೆ ಬಂದ ದೊಡ್ಡ ಮನುಷ್ಯ. ನಮ್ಮ ಕಪ್ಪು ಫೋನಿನ ವಯರನ್ನು ಡಬ್ಬಿಗೆ ಸಿಕ್ಕಿಸಿ, ತಮ್ಮ ಮೊಬೈಲಿಂದ ಕರೆದು ನೋಡಿದರು. ಗಂಟೆ ಮೊದಲಿಗಿಂತ ಜೋರಾಗಿ ಹೊಡೆಯಿತು. ಮಾತೂ ಕೇಳಿತು. ಆದರೆ ಇಲ್ಲಿಂದ ಡಯಲ್ ತಿರುಗಿಸಿದರೆ, ರಿಸೀವರ್ ಎತ್ತಿದಾಗಿನ ಅದೇ 'ಗುಂಯ್' ಎನ್ನುವ ಸದ್ದು. ಯಾರಿಗೂ ಹೋಗಲಿಲ್ಲ.

"ಇದು ಟಿಕ್ ಟಿಕ್ ಅಂತ ಹೇಳ್ತದೆ ಅಕ್ಕ. ಆ ಡಬ್ಬಿಗೆ ಪೀಂ ಪೀಂ ಅಂದ್ರೆ ಮಾತ್ರ ತಿಳಿಯೋದು" ಎಂದರು ಅವರು.

"ಎರಡಕ್ಕೂ ಮಧ್ಯ ಒಬ್ಬ ದುಭಾಷಿ ಇಡ್ಲಿಕ್ಕೆ ಆಗೋದಿಲ್ವ ಮಾರಾಯ್ರೆ?" ಎಂದು ಕೇಳಿದರು ನಮ್ಮನೆಯವರು.

"ಅಂಥದ್ದೊಂದು ಬರ್ತದೆ, ಆನ್‌ಲೈನಲ್ಲಿ. ಆದ್ರೆ ಭಟ್ರೆ, ಇದನ್ನ ಶೋಕೇಸಲ್ಲಿ ಇಟ್ಟುಬಿಡಿ. ಒಳ್ಳೆ ಚಂದ ಕಾಣ್ತದೆ."

"ನನ್ನನ್ನೂ ಅಲ್ಲೇ ಕೂರಿಸಿಬಿಡಿ" ಎಂದರು ಇವರು. ಎಲ್ಲರೂ ನಕ್ಕೆವು.

ಆ ದುಭಾಷಿಯನ್ನು ತರಿಸಿದೆವು. ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದು. ಫೋನಿಗೂ ಬಿಳಿ ಡಬ್ಬಿಗೂ ನಡುವೆ ಸಿಕ್ಕಿಸಬೇಕು. ಸಿಕ್ಕಿಸಿ ನನ್ನ ಮೊಬೈಲಿಗೆ ನಾನೇ ತಿರುಗಿಸಿದೆ. ಅಡುಗೆಮನೆಯಲ್ಲಿದ್ದ ಮೊಬೈಲು ಹಾಡತೊಡಗಿತು. "ಬಂತು, ಬಂತು!" ಎಂದು ಕೂಗಿದೆ. ಇವರ ಮುಖ ನೋಡಬೇಕಿತ್ತು. "ಸರಿ, ಏಳು, ನನಗೆ ಬಿಡು" ಎಂದು ಕುರ್ಚಿ ಎಳೆದುಕೊಂಡು ಕೂತರು.

ಸೊನ್ನೆ ತಿರುಗಿಸಿದರು. ಎಲ್ಲಕ್ಕಿಂತ ದೂರದ ತೂತು ಅದು, ಹಿಂದೆ ಬರುವುದಕ್ಕೂ ಹೊತ್ತು. ಆಮೇಲೊಂದು ಅಂಕಿ. ಕೈಯನ್ನು ತೊಡೆಯ ಮೇಲಿಟ್ಟು ಸುಧಾರಿಸಿಕೊಂಡು ಇನ್ನೊಂದು. ಮತ್ತೆ ಕೈ ಎತ್ತುವಷ್ಟರಲ್ಲಿ ಒಳಗಿಂದ ಒಂದು ಹೆಣ್ಣುದನಿ: ನೀವು ಡಯಲ್ ಮಾಡಿದ ಸಂಖ್ಯೆಯನ್ನು ದಯವಿಟ್ಟು ಪರಿಶೀಲಿಸಿ.

"ನಾನಿನ್ನೂ ಮಾಡ್ತಾ ಇದ್ದೀನಲ್ಲ ತಾಯಿ!" ಎಂದರು ಇವರು ಆ ದನಿಗೆ.

ಮತ್ತೆ ತಿರುಗಿಸಿದರು, ಮತ್ತೆ ಅದೇ ದನಿ. ಅಂಕಿ ಅಂಕಿಯ ನಡುವೆ ಸ್ವಲ್ಪ ತಡವಾದರೆ ಸಂಖ್ಯೆ ಮುಗಿಯಿತೆಂದು ಬಿಳಿ ಡಬ್ಬಿ ತಿಳಿದುಕೊಳ್ಳುತ್ತದಂತೆ. ನಮಗಿದು ಫೈಬರಿನವರನ್ನು ಎರಡನೆಯ ಸಲ ಕರೆಸಿದಾಗ ತಿಳಿಯಿತು. ಕಾಯುವ ಹೊತ್ತನ್ನು ಹೆಚ್ಚಿಸಲು ಬರುತ್ತದೆ, ಆದರೆ ಅದು ಮೇಲಿನವರ ಕೈಯಲ್ಲಿದೆ, ಕಸ್ಟಮರ್ ಕೇರಿಗೆ ಹೇಳಿ ಎಂದು ಅವರು ಹೊರಟುಹೋದರು. ಕಸ್ಟಮರ್ ಕೇರಿಗೆ ನಾನು ಅಂಗಡಿಯಿಂದ ಫೋನ್ ಮಾಡಿದೆ. ಬಸ್ ಸ್ಟ್ಯಾಂಡಿನ ಹಿಂದೆ ಬ್ಲೌಸ್ ಹೊಲಿಯುವ ಅಂಗಡಿ ನನ್ನದು. ಹೊಲಿಗೆ ನಿಲ್ಲಿಸಿ ಕಿವಿಗೆ ಮೊಬೈಲು ಒತ್ತಿಕೊಂಡು ಕೂತೆ. ಕನ್ನಡಕ್ಕೆ ಒಂದು ಒತ್ತಿ, ತೊಂದರೆಗೆ ಎರಡು ಒತ್ತಿ, ಹೀಗೆ ಒತ್ತುತ್ತ ಒತ್ತುತ್ತ ಕೊನೆಗೊಬ್ಬರು ಸಿಕ್ಕಿದರು.

"ಮೇಡಂ, ಫೋನ್ ರಿಂಗ್ ಆಗ್ತಿದೆಯಾ?"

"ಆಗ್ತದೆ."

"ಬೇರೆಯವರು ಡಯಲ್ ಮಾಡಿದ್ರೆ ಹೋಗ್ತಿದೆಯಾ?"

"ಹೋಗ್ತದೆ. ನಮ್ಮನೆಯವರಿಗೆ ಕೈ ನಿಧಾನ."

"ಹಾಗಾದ್ರೆ ಲೈನಲ್ಲಿ ಏನೂ ಪ್ರಾಬ್ಲಂ ಇಲ್ಲ ಮೇಡಂ" ಎಂದು ದೂರನ್ನು ಮುಗಿಸಿಬಿಟ್ಟರು. ಅವರು ಹೇಳಿದ್ದು ಸುಳ್ಳಲ್ಲ.

ಇದರ ನಡುವೆ ಮೇಗುಂದದ ಒಂದು ಉಪನಯನ ಒಪ್ಪಿಕೊಂಡಿದ್ದರು. ಇವರ ಮುಖ್ಯ ಸಹಾಯಕ ಎನ್.ಆರ್.ಪುರದವನು. ನಲವತ್ತು ದಾಟಿದ್ದರೂ ಇವರ ಬಾಯಲ್ಲಿ ಇನ್ನೂ 'ಮಾಣಿ', ಅಂದರೆ ಹುಡುಗ. ಆ ವಾರ ಅವನು ಕೆರೆಕಟ್ಟೆ ಕಡೆ ಯಾರದೋ ಮನೆಯ ಕಾರ್ಯದಲ್ಲಿದ್ದ. ಅಲ್ಲಿ ಅವನು ಮಧ್ಯಾಹ್ನ ಊಟ ಮುಗಿಸಿ ರಸ್ತೆಗೆ ಬಂದರೆ ಮಾತ್ರ ನೆಟ್‌ವರ್ಕು. ಆ ಹೊತ್ತಿಗೆ ನಾನು ಅಂಗಡಿಯಲ್ಲಿರುತ್ತೇನೆ, ಇವರೊಬ್ಬರೇ ಮನೆಯಲ್ಲಿ. ದಿನಾ ಪ್ರಯತ್ನಿಸಿದರಂತೆ. ಸಂಜೆ ಬಂದು ನೋಡಿದರೆ ಬೆರಳ ತುದಿ ಕೆಂಪಾಗಿರುತ್ತಿತ್ತು.

ಕೊನೆಗೊಂದು ಬೆಳಿಗ್ಗೆ, "ನೀನೇ ಅಂಗಡಿಯಿಂದ ಅವನಿಗೊಂದು ಮಾತು ಹೇಳಿಬಿಡು ಮಾರಾಯ್ತಿ. ದಿನ ಹತ್ರ ಬಂತು" ಎಂದರು. ಅದನ್ನು ಹೇಳುವಾಗ ನನ್ನ ಮುಖ ನೋಡಲಿಲ್ಲ.

ಮಧ್ಯಾಹ್ನ ಮಾಡಿದೆ. ಸಿಕ್ಕಿದ. "ಮೇಗುಂದದ ಮುಂಜಿಗೆ ನೀನು ಬರಬೇಕಂತೆ, ಹಿಂದಿನ ಸಂಜೆಗೇ. ಅವರಿಗೆ ಫೋನ್ ಮಾಡ್ಲಿಕ್ಕೆ ಆಗ್ಲಿಲ್ಲ, ನನಗೆ ಹೇಳು ಅಂದ್ರು" ಎಂದೆ. ಅವನು ದನಿ ತಗ್ಗಿಸಿ, "ಹಂಗಾ ಅಕ್ಕ? ಆಯ್ತು. ನೀವೆಂತ ಯೋಚನೆ ಮಾಡ್ಬೇಡಿ, ಎಲ್ಲ ನಾ ನೋಡ್ಕಳ್ತೀನಿ" ಎಂದ. ಎಷ್ಟು ಒಳ್ಳೆಯವನು ಎಂದುಕೊಂಡು ನಾನು ಮತ್ತೆ ಹೊಲಿಯಲು ಕೂತೆ.

ಎರಡು ದಿನ ಬಿಟ್ಟು ಮೇಗುಂದದ ಮನೆಯ ಯಜಮಾನರು ಫೋನ್ ಮಾಡಿದರು. ಬರುವ ಫೋನಿಗೇನೂ ಅಡ್ಡಿಯಿಲ್ಲವಲ್ಲ, ಗಂಟೆ ಜೋರಾಗಿಯೇ ಹೊಡೆಯಿತು. ರಿಸೀವರಿನಲ್ಲಿ ಅವರ ಮಾತು ನನಗೂ ಕೇಳುತ್ತಿತ್ತು.

"ಭಟ್ರೆ, ಕೇಳಿ ಬೇಜಾರಾಯ್ತು. ಯಾರು ಹೋದ್ರು?"

"ಯಾರೂ ಹೋಗ್ಲಿಲ್ಲ ಮಾರಾಯ್ರೆ. ಹೋದದ್ದು ಟೆಲಿಫೋನು!"

ಆಗ ಹೊಳೆಯಿತು ನಮಗೆ. ಇವರ ಕಸುಬಿನಲ್ಲಿ ಯಜಮಾನರ ಬದಲು ಹೆಂಡತಿ ಸಹಾಯಕನಿಗೆ ಹೇಳಿ ಕಳಿಸುವುದು ಒಂದೇ ಸಂದರ್ಭದಲ್ಲಿ, ಮನೆಗೆ ಸೂತಕ ಬಂದಾಗ. ಸೂತಕದವರು ಶುಭಕಾರ್ಯದ ಅಡುಗೆಗೆ ಹೋಗುವಂತಿಲ್ಲ. ಆಗ ಯಜಮಾನರು ಮಾತಾಡುವುದಿಲ್ಲ, ಹೆಂಡತಿ ಹೇಳುತ್ತಾಳೆ, ಕೆಲಸ ಇಡಿಯಾಗಿ ಸಹಾಯಕನದಾಗುತ್ತದೆ. ಸತ್ತದ್ದು ಯಾರು ಎಂದು ಅವನು ಫೋನಿನಲ್ಲಿ ಕೇಳುವುದೂ ಇಲ್ಲ. ಮಾಣಿ ರೂಢಿಯ ಪ್ರಕಾರವೇ ನಡೆದುಕೊಂಡಿದ್ದ. ಮೇಗುಂದಕ್ಕೆ ಹೋಗಿ ತನ್ನ ಹೆಸರಿನಲ್ಲೇ ಕೆಲಸ ಒಪ್ಪಿಕೊಂಡು, ಪಾತ್ರೆಗೂ ಜನಕ್ಕೂ ಹೇಳಿ ಆಗಿತ್ತು.

ಇವರು ನಗುತ್ತಲೇ ಎಲ್ಲ ವಿವರಿಸಿದರು. ಆ ಕಡೆಯವರೂ ನಕ್ಕರು. ನಕ್ಕು ಮುಗಿದ ಮೇಲೆ, "ಒಂದು ಲೆಕ್ಕದಲ್ಲಿ ಒಳ್ಳೇದೇ ಆಯ್ತು ಅಂತ ಕಾಣ್ತದೆ ಭಟ್ರೆ. ಅವ ಎಲ್ಲ ಶುರು ಮಾಡಿ ಆಗಿದೆ. ನಿಮಗೂ ಕೈ ಹಂಗಿದೆ. ಆರಾಮಾಗಿ ಊಟಕ್ಕೆ ಬನ್ನಿ" ಎಂದರು.

"ಆಯ್ತು" ಎಂದರು ಇವರು. ರಿಸೀವರನ್ನು ಅದರ ಜಾಗದಲ್ಲಿ ಕೂರಿಸಲು ಕೈ ಸಹಕರಿಸಲಿಲ್ಲ. ಎರಡು ಸಲ ಜಾರಿತು. ನಾನು ಹೋಗಿ ಇಡಬೇಕೋ ಬೇಡವೋ ತಿಳಿಯದೆ ಬಾಗಿಲಲ್ಲೇ ನಿಂತೆ.

ವಿಷಯ ತಿಳಿದು ಮಾಣಿ ನಮ್ಮ ಮನೆಗೇ ಓಡಿಬಂದ. "ತಪ್ಪಾಯ್ತು ಭಟ್ರೆ, ನೀವೇ ನಿಂತು ಮಾಡ್ಸಿ" ಎಂದು ಬೇಡಿಕೊಂಡ. "ಒಲೆ ಹತ್ರ ಎರಡು ಜನ ಯಜಮಾನರು ಇರ್ಬಾರ್ದೋ. ನೀ ಮಾಡು" ಎಂದು ಇವರೇ ಹೂರಣದಿಂದ ಹಿಡಿದು ಪಾಯಸದವರೆಗೆ ಅಳತೆ ಹೇಳಿ ಕಳಿಸಿದರು.

ಉಪನಯನ ಭಾನುವಾರ. ಊಟಕ್ಕೆ ಇವರು ಹೋಗಲಿಲ್ಲ, ಹಾಗಾಗಿ ನಾನೂ ಹೋಗಲಿಲ್ಲ. ಬೆಳಿಗ್ಗೆ ಕಾಫಿ ಕುಡಿಯುತ್ತಿದ್ದವರು ಲೋಟ ಕೆಳಗಿಟ್ಟು, "ಹೂರಣಕ್ಕೆ ಚಿಟಿಕೆ ಉಪ್ಪು ಹಾಕು ಅನ್ನೋದು ಮರೆತೆ. ಅವ ಹಾಕೋದಿಲ್ಲ" ಎಂದು ಎದ್ದರು. ತಿರುಗಿಸಿದರು. ಆ ಹೆಣ್ಣುದನಿ. ಮತ್ತೆ ತಿರುಗಿಸಿದರು. ನಾನು ಮೊಬೈಲು ಹಿಡಿದು ಪಕ್ಕದಲ್ಲೇ ನಿಂತಿದ್ದೆ. "ಇದರಲ್ಲಿ ಮಾಡಿಕೊಡ್ಲಾ?" ಎಂದೆ. ಇವರು ಇನ್ನೊಂದು ಸಲ ತಿರುಗಿಸಿ, ಆಮೇಲೆ ಹೋಗಿ ತಣ್ಣಗಾದ ಕಾಫಿ ಕುಡಿದರು.

ಮೂರು ಗಂಟೆಯ ಹೊತ್ತಿಗೆ ಮಾಣಿಯದೇ ಫೋನು ಬಂತು. ಎಲ್ಲ ಚೆನ್ನಾಗಿ ಆಯಿತಂತೆ. "ಹೂರಣಕ್ಕೆ ಉಪ್ಪು?" ಎಂದರು ಇವರು. ಆ ಕಡೆ "ಅಯ್ಯೋ" ಎಂದದ್ದು ಕೇಳಿತು. "ಇರ್ಲಿ ಬಿಡು, ಯಾರಿಗೂ ಗೊತ್ತಾಗಿರೋದಿಲ್ಲ. ಇನ್ಮೇಲೆ ಒಲೆ ಹಚ್ಚುವಾಗ ನೀನೇ ಒಂದು ಫೋನ್ ಮಾಡು. ನನಗೆ ಮಾಡ್ಲಿಕ್ಕೆ ಆಗೋದಿಲ್ಲ, ನೋಡು" ಎಂದರು. ಅಷ್ಟು ದಿನದಲ್ಲಿ ಆ ಮಾತನ್ನು ಅವರು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಮಾಡ್ತೀನಿ ಎಂದನಂತೆ ಅವನು.

ಕೆಲವು ದಿನ ಮಾಡುತ್ತಾನೆ, ಕೆಲವು ದಿನ ಇಲ್ಲ. ಅವನಿಗೂ ಈಗ ಕೈತುಂಬ ಕೆಲಸ. ಬೆಳಗಾದರೆ ಇವರು ಫೋನಿನ ಪಕ್ಕದ ಕುರ್ಚಿಯಲ್ಲಿ ಕೂತಿರುತ್ತಾರೆ. "ಮಿಕ್ಸಿ ಹಾಕ್ಬೇಡ, ಗಂಟೆ ಕೇಳೋದಿಲ್ಲ" ಎನ್ನುತ್ತಾರೆ. ಹಾಗಾಗಿ ಚಟ್ನಿಯನ್ನು ನಾನು ಅವರು ಏಳುವ ಮೊದಲೇ ರುಬ್ಬಿಡುತ್ತೇನೆ.