ಕಿಂಗ್ಸ್‌ಬರಿಯಲ್ಲೊಂದು ಮತಗಟ್ಟೆ

ಪ್ರಜಾಪ್ರಭುತ್ವದ ಭಾರ ಹೊರುವುದಕ್ಕೆ ಭದ್ರವಾದ ಅಡಿಪಾಯ ಬೇಕು. ನಾನು ಕಣ್ಣಾರೆ ಕಂಡಂತೆ ಒಮ್ಮೆ ಅದನ್ನು ಹೊತ್ತದ್ದು ಇಂಗ್ಲಿಷರ ನಾಡಿನ ಕಿಂಗ್ಸ್‌ಬರಿಯ ನಮ್ಮ ಅಡುಗೆಮನೆಯ ಮೇಜು. ಅದರ ಒಂದು ಕಾಲು ಗಿಡ್ಡ, ಅಲುಗಾಡದಿರಲೆಂದು ಕೆಳಗೆ ರಟ್ಟಿನ ಚೂರು ಇಟ್ಟಿದ್ದೆವು.

ಎರಡು ಸಾವಿರದ ದಶಕದ ಮೊದಲ ವರ್ಷಗಳ ಮಾತು. ನಮ್ಮ ಮಹಡಿಯ ಕೋಣೆಯಲ್ಲಿ ಅಮೆರಿಕದ ಪಶ್ಚಿಮದ ರಾಜ್ಯವೊಂದರ ಹುಡುಗಿ ಬಾಡಿಗೆಗಿದ್ದಳು, ಒಂದು ವರ್ಷದ ಓದಿಗೆ ಬಂದವಳು. ಅಕ್ಟೋಬರಿನಲ್ಲಿ ಅವಳಿಗೆ ಊರಿನಿಂದ ದಪ್ಪನೆಯ ಲಕೋಟೆ ಬಂತು. ಒಳಗಿದ್ದದ್ದು ಅಂಚೆ ಮತಪತ್ರ. ಹಾಳೆಯ ಒಂದು ಮಗ್ಗುಲಲ್ಲಿ ಅಭ್ಯರ್ಥಿಗಳು. ಇನ್ನೊಂದರಲ್ಲಿ ರಾಜ್ಯದ ಜನರೆಲ್ಲ ಬೇಕು, ಬೇಡ ಎಂದು ತೀರ್ಮಾನಿಸಬೇಕಾದ ಪ್ರಸ್ತಾವಗಳು. ಕೋಳಿಯ ಪಂಜರ ಎಷ್ಟು ಅಗಲವಿರಬೇಕೆಂಬುದೂ ಅದರಲ್ಲಿತ್ತು. ಇಷ್ಟು ಜನ ಶಾಸಕರನ್ನು ಆರಿಸಿದ ಮೇಲೂ ಕೋಳಿಯ ಯೋಗಕ್ಷೇಮವನ್ನು ಜನರೇ ನೋಡಿಕೊಳ್ಳಬೇಕಾದರೆ ಶಾಸಕರು ಮಾಡುವುದೇನು ಎಂದು ಕೇಳಿದೆ.

ಅವಳ ಜೀವವೆಲ್ಲ ಇದ್ದದ್ದು ಒಂದೇ ಪ್ರಸ್ತಾವದ ಮೇಲೆ: ಹಳ್ಳಿಗಾಡಿನ ಗ್ರಂಥಾಲಯಗಳನ್ನು ಉಳಿಸಲು ಮಾರಾಟ ತೆರಿಗೆಯನ್ನು ಚೂರು ಏರಿಸುವುದು. ಅದು ಬಿದ್ದರೆ ಅವಳ ಊರಿನ ಗ್ರಂಥಾಲಯಕ್ಕೆ ಬೀಗ. ಅವಳ ತಾಯಿ ಕೆಲಸಕ್ಕಿದ್ದದ್ದು ಅಲ್ಲೇ. ಹಿಂದಿನ ಸಲ ಇಂಥದೇ ಪ್ರಸ್ತಾವ ಕೂದಲೆಳೆಯ ಅಂತರದಲ್ಲಿ ಸೋತಿತ್ತಂತೆ.

ಇಷ್ಟು ಕೇಳಿದ ಮೇಲೆ ನಾನು ಸುಮ್ಮನಿರುವುದು ಹೇಗೆ? ಹೈಸ್ಕೂಲು ಮೇಷ್ಟರಾಗಿದ್ದ ಕಾಲದಲ್ಲಿ ತುಮಕೂರು ಜಿಲ್ಲೆಯ ನಾಲ್ಕು ಚುನಾವಣೆಗಳಿಗೆ ಮತಗಟ್ಟೆಯ ಅಧಿಕಾರಿಯಾಗಿದ್ದವನು ನಾನು. ಈಗ ಹತ್ತಿರದ ಹೇಸ್‌ನ ಗೋದಾಮಿನಲ್ಲಿ ಪೆಟ್ಟಿಗೆ ಸಾಗಿಸುತ್ತಿದ್ದರೂ ಆ ಅಧಿಕಾರ ಮೈಬಿಟ್ಟಿರಲಿಲ್ಲ. ಈ ದೇಶ ನನಗೂ ಮತದಾನದ ಹಕ್ಕು ಕೊಟ್ಟಿತ್ತು, ನಿಜ. ಆದರೆ ದಾರದಲ್ಲಿ ಕಟ್ಟಿಟ್ಟ ಪೆನ್ಸಿಲಿನಿಂದ ಗುರುತು ಹಾಕಿಸುವವರ ಮೇಲೆ ನನಗೆ ಪೂರ್ತಿ ನಂಬಿಕೆ ಹುಟ್ಟಿರಲಿಲ್ಲ.

ಹುಡುಗಿ ಮಂಚದ ಮೇಲೆ ಕಾಲು ಚಾಚಿಕೊಂಡೇ ಮತ ಹಾಕಿ ಮುಗಿಸುವವಳಿದ್ದಳು. ಅದಾಗದು ಎಂದೆ. ಶನಿವಾರ ಬೆಳಿಗ್ಗೆ ಟಿವಿ ಬಂದಿದ್ದ ರಟ್ಟಿನ ಪೆಟ್ಟಿಗೆಯನ್ನು ಕತ್ತರಿಸಿ ಮೇಜಿನ ಮೇಲೆ ಮರೆ ಕಟ್ಟಿದೆ. ನನ್ನ ಹೆಂಡತಿ ಕೋಳಿಗಳ ಪರವಾಗಿ ಎರಡು ಮಾತಾಡಲು ಬಂದಳು. ಮತಗಟ್ಟೆಯ ನೂರು ಮೀಟರ್ ಒಳಗೆ ಪ್ರಚಾರ ನಿಷಿದ್ಧವೆಂದು ತಡೆದೆ. ನೂರು ಮೀಟರ್ ಎಂದರೆ ಬಸ್ ಸ್ಟಾಪ್ ದಾಟಬೇಕು, ಒಲೆಯ ಮೇಲೆ ಸಾರಿದೆ ಎಂದು ಅವಳು ಅಲ್ಲೇ ನಿಂತಳು.

ಮತಪತ್ರ ಮಡಿಸುವ ವಿಧಾನವನ್ನು ಪಿಜ್ಜಾ ಅಂಗಡಿಯ ಜಾಹೀರಾತಿನ ಹಾಳೆಯಲ್ಲಿ ತೋರಿಸಿಕೊಟ್ಟೆ: ಮೊದಲು ಉದ್ದಕ್ಕೆ, ಆಮೇಲೆ ಅಡ್ಡಕ್ಕೆ. ಹಾಗೆ ಮಡಿಸಿದರೆ ಒಂದು ಗುರುತಿನ ಮಸಿ ಇನ್ನೊಬ್ಬರ ಚಿಹ್ನೆಗೆ ಅಂಟುವುದಿಲ್ಲ. ನಮ್ಮ ಕಡೆ ಪ್ರತಿ ಮತದಾರನಿಗೂ ಇದನ್ನು ಹೇಳಿಕೊಟ್ಟೇ ಒಳಗೆ ಬಿಡುತ್ತಿದ್ದೆವು. ಆಮೇಲೆ ಗೋಡೆಗೆ ಮುಖಮಾಡಿ ನಿಂತೆ. ಹುಡುಗಿ ಮರೆಯ ಹಿಂದೆ ಮತಪತ್ರದ ಪುಟ್ಟ ವೃತ್ತಗಳಲ್ಲಿ ಕಪ್ಪು ಮಸಿ ತುಂಬಿ, ಹೇಳಿದಂತೆಯೇ ಮಡಿಸಿ, ಲಕೋಟೆ ಅಂಟಿಸಿ ಸಹಿ ಹಾಕಿದಳು. ಇಬ್ಬರೂ ನಡೆದು ಹೋಗಿ ಪೋಸ್ಟಾಫೀಸಿನಲ್ಲಿ ಕೊಟ್ಟು ಬಂದೆವು.

ಬರುವಷ್ಟರಲ್ಲಿ ಹೆಂಡತಿ ಮೇಜಿನ ಮೇಲೆ ಉಳಿದಿದ್ದ ಸೂಚನೆಗಳ ಹಾಳೆಯನ್ನು ಓದುತ್ತಿದ್ದಳು.

“ರೀ, ಮೊದಲೇ ಇರೋ ಮಡಿಕೆ ಬಿಟ್ಟು ಬೇರೆ ಕಡೆ ಮಡಿಸ್ಬೇಡಿ ಅಂತ ಇದೆಯಲ್ಲ. ಮಿಷಿನ್ನು ಓದಲ್ವಂತೆ.”

“ನಾಲ್ಕು ಚುನಾವಣೆ ಮಾಡಿದೋನು ಕಣೇ ನಾನು.”

“ಅಲ್ಲಿ ಎಣಿಸ್ತಿದ್ದೋರು ಮನುಷ್ಯರು. ಅವರಿಗೆ ಬಿಡಿಸಿ ನೋಡೋಕೆ ಬರ್ತಿತ್ತು.”

ನಾನು ಹುಡುಗಿಗೆ ಇಂಗ್ಲಿಷಿನಲ್ಲಿ ಹೇಳಬೇಕಾಯಿತು. ಅವಳ ಮುಖ ಇಳಿಯಿತು. ಉದ್ದದ ಮಡಿಕೆ ಆ ವೃತ್ತಗಳ ಸಾಲಿನ ಮೇಲೇ ಹಾದಿತ್ತು. ಗ್ರಂಥಾಲಯದ್ದೂ ಅದೇ ಸಾಲು. ಬೇರೆ ಮತಪತ್ರ ತರಿಸಲು ಹೊತ್ತಿರಲಿಲ್ಲ. ಅವಳು ನನಗೆ ಒಂದು ಕೆಟ್ಟ ಮಾತೂ ಆಡಲಿಲ್ಲ. ಆಡಿದ್ದರೆ ಆ ಭಾನುವಾರ ಬೇಗ ಕಳೆಯುತ್ತಿತ್ತು.

ಅವರ ಬೆಳಗು ನಮ್ಮ ಸಂಜೆ. ಸೋಮವಾರ ಐದು ಗಂಟೆಗೆ ಅವಳು ಫೋನ್ ಕಾರ್ಡು ಹಿಡಿದು ತನ್ನ ಕೌಂಟಿಯ ಚುನಾವಣಾ ಕಚೇರಿಗೆ ಮಾತಾಡಿದಳು. ನಾನು ಪಕ್ಕದಲ್ಲಿ ಅಪರಾಧಿಯ ಹಾಗೆ ನಿಂತಿದ್ದೆ. ಅತ್ತ ಕಡೆಯ ಹೆಂಗಸು ಏನೋ ಹೇಳಿದಳು, ಹುಡುಗಿ ನಕ್ಕಳು. ಯಂತ್ರ ಒಪ್ಪದಿದ್ದರೆ ಇಬ್ಬರು ಕೂರುತ್ತಾರಂತೆ. ಒಬ್ಬರು ಓದುವುದು, ಇನ್ನೊಬ್ಬರು ಹೊಸ ಹಾಳೆಗೆ ಇಳಿಸುವುದು. ಕಾಫಿ ಚೆಲ್ಲಿದ ಮತಪತ್ರಗಳೇ ಬರುತ್ತವಂತೆ, ಮಡಿಕೆ ಯಾವ ದೊಡ್ಡದು. ಆ ಇಬ್ಬರೂ ಒಂದೇ ಪಕ್ಷದವರೋ ಎಂದು ಕೇಳಿಸಿದೆ. ಅಲ್ಲ, ಬೇರೆ ಬೇರೆ. ಅಮೆರಿಕದ ಚುನಾವಣಾ ಪದ್ಧತಿಗೆ ನನ್ನ ಒಪ್ಪಿಗೆಯಿದೆ ಎಂದು ತಿಳಿಸಲು ಹೇಳಿದೆ, ತಿಳಿಸಿದಳೋ ಇಲ್ಲವೋ. ಆ ಸಂಜೆ ಅವಳು ಎರಡು ಸಲ ಅನ್ನ ಹಾಕಿಸಿಕೊಂಡಳು.

ಮತಪತ್ರ ಚುನಾವಣೆಗೆ ನಾಲ್ಕು ದಿನ ಮೊದಲು ತಲುಪಿತು. ಅದನ್ನು ಕೈಯಲ್ಲಿ ನಕಲು ಮಾಡಿ ಎಣಿಸಿದರು. ಪ್ರಸ್ತಾವ ಗೆದ್ದಿತು, ಅವಳ ತಾಯಿಯ ಕೆಲಸ ಉಳಿಯಿತು.